ಮರಳಿಗೆ ಕೊಂಬಿಲ್ಲ

ಜೂನ್ 4

ತಮ್ಮಾ,

ಬದುಕಿದ್ದೀಯೇನೋ? ಬದುಕಿದ್ದರೆ ಫೋನ್ ಎತ್ತಬೇಕು, ಇಲ್ಲದಿದ್ದರೆ ಯಾರಾದರೂ ನನಗೆ ತಿಳಿಸಬೇಕು. ಎರಡೂ ಇಲ್ಲ. ನಿನ್ನ ಫೋನು ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಗುತ್ತದೆ. ಕಂಪನಿಯ ಆಫೀಸಿಗೆ ಮಾಡಿದರೆ ಯಾರೋ ಹುಡುಗಿ "ಮೇಸ್ತ್ರಿ ಈಗ ಸೈಟಲ್ಲಿಲ್ಲ ಮೇಡಂ, ಸ್ಟೋರಲ್ಲಿದಾರೆ" ಎಂದು ಇಟ್ಟುಬಿಟ್ಟಳು. ಅರ್ಧ ಆಯಸ್ಸು ಗೋಡೆ ಎಬ್ಬಿಸಿದವನಿಗೆ ಸ್ಟೋರಲ್ಲೇನು ಕೆಲಸ? ಮೊಳೆ ಎಣಿಸುತ್ತಿದ್ದೀಯಾ?

ಅದಿರಲಿ. ಸುದ್ದಿ ಹೇಳಬೇಕೆಂದೇ ಕಾಗದ ಹಿಡಿದೆ. ನನ್ನ ಮಗಳಿಗೆ ಮದುವೆ ಗೊತ್ತಾಯಿತು. ಆಗಸ್ಟ್ ಮೂವತ್ತಕ್ಕೆ. ಹುಡುಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಒಳ್ಳೆಯವನು, ಸ್ವಲ್ಪ ಪೆದ್ದ, ಅದೂ ಒಳ್ಳೆಯದೇ. ಅವನ ತಾಯಿ ಮಾತ್ರ ಶಾಲೆಯ ಹೆಡ್‌ಮಿಸ್ಟ್ರೆಸ್ಸು. ನಗು ಕಡಿಮೆ, ಪ್ರಶ್ನೆ ಜಾಸ್ತಿ. ಅವರ ಮುಂದೆ ಕೂತರೆ ನನಗೆ ಹೋಮ್‌ವರ್ಕ್ ಮಾಡದೆ ಬಂದ ಹಾಗೆ ಅನ್ನಿಸುತ್ತದೆ.

ಇವಳ ಅಪ್ಪ ಇದ್ದಿದ್ದರೆ ಕೈ ಹಿಡಿದು ಕರೆತರುತ್ತಿದ್ದರು. ಅವರಿಲ್ಲ. "ಮಾಮ ನನ್ನ ಕೈ ಹಿಡ್ಕೊಂಡು ಹಾಲ್ ಒಳಗೆ ಕರ್ಕೊಂಡು ಬರಬೇಕು, ಇಲ್ದಿದ್ರೆ ನಾನು ಬಾಗಿಲಲ್ಲೇ ನಿಂತಿರ್ತೀನಿ" ಅನ್ನುತ್ತಿದ್ದಾಳೆ. ನೀನು ಬರಲೇಬೇಕು. ಒಂದು ವಾರ ಮೊದಲೇ ಬಾ. ನಿನ್ನ ಕೋಟಿನ ಅಳತೆ ನನ್ನ ಹತ್ತಿರ ಇದೆ, ಹೊಟ್ಟೆ ಬಂದಿದ್ದರೆ ಮಾತ್ರ ತಿಳಿಸು.

ನಿನ್ನ ಗಂಟಲಿಗೇನಾಯಿತು? ನೀನು ನೆಲದಲ್ಲಿ ನಿಂತು ಕೂಗಿದರೆ ಐದನೇ ಮಾಳಿಗೆಯಲ್ಲಿದ್ದವನು ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದ. ಅಂಥವನು ಅಕ್ಕನಿಗೆ ಒಂದು ಹಲೋ ಹೇಳುವುದಿಲ್ಲವೇ?

ನಿನ್ನ ಅಕ್ಕ


ಜೂನ್ 13

ಮನೆಯವರೆಲ್ಲರಿಗೂ ನಮಸ್ಕಾರ.

ತಾವು ಬರೆದ ಪತ್ರ ತಲುಪಿತು. ಮದುವೆಯ ವಿಷಯ ತಿಳಿದು ಸಂತೋಷವಾಯಿತು. ನಾನು ಕ್ಷೇಮ. ಸೈಟಿನಲ್ಲಿ ಸ್ವಲ್ಪ ಬೆನ್ನಿಗೆ ಪೆಟ್ಟಾಗಿತ್ತು, ಈಗ ಪರವಾಗಿಲ್ಲ. ಭಾರ ಎತ್ತಬಾರದೆಂದು ಸ್ಟೋರಿಗೆ ಹಾಕಿದ್ದಾರೆ. ದಯವಿಟ್ಟು ಫೋನ್ ಮಾಡಬೇಡಿ. ಇಲ್ಲಿ ಸಿಗ್ನಲ್ ಸರಿಯಿಲ್ಲ.

ಕಂಪನಿಯ ಡಾಕ್ಟರು ವಾರಕ್ಕೊಮ್ಮೆ ಒಬ್ಬ ಮೇಡಂ ಹತ್ತಿರ ಕಳಿಸುತ್ತಿದ್ದಾರೆ. ಮರಳಾಟ ಅಂತೆ. ಅದರಿಂದ ಗುಣವಾಗುತ್ತದೆ ಅನ್ನುತ್ತಾರೆ. ಇದನ್ನು ಯಾರಿಗೂ ಹೇಳಬೇಡಿ, ನಾಚಿಕೆಯಾಗುತ್ತದೆ.

ಮದುವೆಗೆ ಬರುವ ವಿಷಯ ನೋಡೋಣ.

ಇಂತಿ ನಮಸ್ಕಾರಗಳು.


ಜೂನ್ 20

ನನ್ನಪ್ಪಾ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಓದಿ, ಬಾಗಿಲು ಅರ್ಧ ಎಳೆದು, ಹೊಲಿಗೆ ಮಿಷನ್ನಿನ ಮೇಲೆ ತಲೆ ಇಟ್ಟು ಅತ್ತೆ. ಒಬ್ಬರು ಪ್ಯಾಂಟಿನ ಜಿಪ್ ಹಾಕಿಸಲು ಬಂದು, ನನ್ನ ಮುಖ ನೋಡಿ, ಪ್ಯಾಂಟು ಅಲ್ಲೇ ಬಿಟ್ಟು ಹೋದರು.

ಮರುಳಾಟ ಎಂದು ನೀನೇ ನಿನ್ನ ಕೈಯಾರೆ ಬರೆದಿದ್ದೀಯಲ್ಲೋ. ಬೆನ್ನಿಗೆ ಬಿದ್ದ ಪೆಟ್ಟು ತಲೆಗೆ ಹೋಯಿತೇ? ಮರುಳಿಗೂ ವಾರಕ್ಕೊಮ್ಮೆ ಔಷಧಿ ಕೊಡುತ್ತಾರಾ? ಯಾರನ್ನಾದರೂ ಹೊಡೆದೆಯಾ? ಬಟ್ಟೆಬರೆ ನೆಟ್ಟಗೆ ಹಾಕಿಕೊಳ್ಳುತ್ತೀಯಾ? ನಿನ್ನನ್ನು ಕಟ್ಟಿಹಾಕುತ್ತಾರೇನೋ ಎಂದು ಏನೇನೋ ಯೋಚನೆ ಬಂದು ಎರಡು ದಿನ ಕತ್ತರಿ ಮುಟ್ಟಲಿಲ್ಲ.

ಆದರೆ ಒಂದು ಮಾತು. "ತಾವು ಬರೆದ ಪತ್ರ" ಎಂದು ಬರೆದಿದ್ದೀಯ. ನಾನೇನು ನಿನ್ನ ಬ್ಯಾಂಕ್ ಮ್ಯಾನೇಜರಾ? ಅಮ್ಮ ಹೋದಾಗ ನಿನಗೆ ಮೂರು ವರ್ಷ. ನನ್ನ ಸೊಂಟ ಬಿಟ್ಟು ನೀನು ಕೆಳಗಿಳಿದದ್ದೇ ಶಾಲೆಗೆ ಸೇರಿದ ಮೇಲೆ. ಹುಟ್ಟಿದಾಗಿನಿಂದ ನನಗೆ "ನೀನು" ಅಂದವನು ಈಗ "ತಾವು" ಅಂದರೆ ಬುದ್ಧಿ ಕೆಟ್ಟಿರಲೇಬೇಕು ಎಂದು ನನಗೆ ಇನ್ನಷ್ಟು ಗಟ್ಟಿಯಾಯಿತು.

ಮದುವೆಯ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ. ಅಷ್ಟು ದೂರದ ಪ್ರಯಾಣ, ಜನಜಂಗುಳಿ, ಮೈಕಿನ ಗಲಾಟೆ. ಮೊದಲು ಆರಾಮವಾಗು. ಬರಲೇಬೇಕು ಎಂದು ನನ್ನ ಹಟವೇನಿಲ್ಲ. ಮಗಳಿಗೆ ನಾನು ಹೇಳಿಕೊಳ್ಳುತ್ತೇನೆ.

ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಕ್ಕ


ಜುಲೈ 2

ನಮಸ್ಕಾರ.

ನಾನು ಬರೆದದ್ದು ಮರಳು. ಗಾರೆಗೆ ಹಾಕುತ್ತೇವಲ್ಲ, ಆ ಮರಳು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುವುದು ನಿಜ, ಆದರೆ ಕೊಂಬು ನಾನು ಕೊಟ್ಟಿಲ್ಲ. ರಕಾರಕ್ಕೆ ಕೊಂಬು ನೀವೇ ಕೊಟ್ಟುಕೊಂಡು, ನೀವೇ ಓದಿ, ನೀವೇ ಅತ್ತಿದ್ದೀರಿ. ನನ್ನ ತಲೆ ನೆಟ್ಟಗಿದೆ.

ನೀವು ಹೆದರಬಾರದೆಂದು ಅಲ್ಲಿ ಏನು ನಡೆಯುತ್ತದೆ ಎಂದು ಬರೆಯುತ್ತೇನೆ. ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಕೋಣೆ. ಮಧ್ಯೆ ಸೊಂಟದೆತ್ತರಕ್ಕೆ ಮರದ ತೊಟ್ಟಿ, ಬಾಗಿಲಿನ ಅರ್ಧದಷ್ಟು ಅಗಲ, ಒಂದು ಗೇಣು ಆಳವೂ ಇಲ್ಲ. ಅದರ ಅರ್ಧಕ್ಕೆ ಮರಳು. ಕಣ್ಣಲ್ಲೇ ಗೊತ್ತಾಯಿತು, ತೊಳೆದು ಜರಡಿ ಹಿಡಿದ ಮರಳು, ಗಾರೆಗೆ ಬಾರದಷ್ಟು ನುಣುಪು. ಗೋಡೆಯ ತುಂಬ ಶೆಲ್ಫು. ಅದರಲ್ಲಿ ಆಟದ ಸಾಮಾನು: ಮನೆ, ಮರ, ಆನೆ, ಹಾವು, ಪೊಲೀಸ್ ಜೀಪು, ಸೇತುವೆ, ಕಪ್ಪೆಚಿಪ್ಪು, ಮದುವಣಗಿತ್ತಿ, ಹೆಲ್ಮೆಟ್ ಹಾಕಿದ ಕೂಲಿಯವನು, ಎಲ್ಲ ಬೆರಳುದ್ದದವು. ಮೇಡಂ ಮೊದಲ ದಿನ "ನಿಮಗೆ ಏನು ಬೇಕೋ ಅದನ್ನ ಮಾಡಿ. ಮಾತಾಡ್ಬೇಕು ಅಂತೇನಿಲ್ಲ" ಎಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

ನಲವತ್ತೇಳು ವರ್ಷದ ಗಂಡಸು ನಾನು. ಹೊರಗೆ ಬೆಂಚಿನ ಮೇಲೆ ಎಂಟು ವರ್ಷದ ಹುಡುಗಿ ತನ್ನ ಸರದಿಗೆ ಕಾಯುತ್ತಿದ್ದಳು. "ಅಂಕಲ್, ಬೇಗ ಆಡಿ ಮುಗ್ಸಿ" ಅಂದಳು. ನಾಚಿಕೆಯಿಂದ ಹಿಡಿಯಷ್ಟಾದೆ.

ನಾನು ಏನು ಮಾಡಿದೆ ಅಂದರೆ, ಮರಳನ್ನು ಮಟ್ಟ ಮಾಡಿದೆ. ಒಂದು ಮರದ ಪಟ್ಟಿ ಕೇಳಿ ತೆಗೆದುಕೊಂಡು ಈ ಮೂಲೆಯಿಂದ ಆ ಮೂಲೆಗೆ ಎಳೆದೆ. ರಸಮಟ್ಟ ಇಟ್ಟು ನೋಡಿದರೂ ಅದರ ಗಾಜಿನೊಳಗಿನ ಗುಳ್ಳೆ ಅಲ್ಲಾಡಬಾರದು, ಹಾಗೆ. ಒಂದು ಕಡೆ ಪಟ್ಟಿ ಆಳಕ್ಕಿಳಿದು ತೊಟ್ಟಿಯ ತಳ ಕಂಡಿತು. ತಳಕ್ಕೆ ನೀಲಿ ಬಣ್ಣ ಬಳಿದಿದ್ದಾರೆ. "ಮರಳು ಸರಿಸಿದ್ರೆ ನೀರು ಕಾಣ್ಲಿ ಅಂತ" ಅಂದರು ಮೇಡಂ. ಪಾಯದಲ್ಲಿ ನೀರು ಕಂಡರೆ ಮೇಸ್ತ್ರಿಯಾದವನು ಸುಮ್ಮನಿರುತ್ತಾನೆಯೇ? ತಕ್ಷಣ ಮುಚ್ಚಿದೆ. ಮುಗಿದ ಮೇಲೆ ಮೇಡಂ ಮೇಲಿನಿಂದ ಒಂದು ಫೋಟೋ ತೆಗೆದುಕೊಂಡರು. ಚೆನ್ನಾಗಿದೆ ಅಂತ ಇಲ್ಲ, ಕೆಟ್ಟದಾಗಿದೆ ಅಂತ ಇಲ್ಲ. ಮುಂದಿನ ವಾರ ಹೋದರೆ ನನ್ನ ಮಟ್ಟ ಹೋಗಿದೆ, ಮರಳು ಮತ್ತೆ ಏರುತಗ್ಗು. ಮತ್ತೆ ಮಟ್ಟ ಮಾಡಿದೆ. ನಾಲ್ಕು ವಾರದಿಂದ ಇದೇ ಆಗಿದೆ. "ತಪ್ಪಾಗಿದ್ರೆ ಹೇಳಿ ಮೇಡಂ" ಎಂದು ಕೇಳಿದೆ. "ಇಲ್ಲಿ ತಪ್ಪು ಅನ್ನೋದೇ ಇಲ್ಲ" ಅಂದರು. ತಪ್ಪೇ ಇಲ್ಲದ ಕೆಲಸ ಎಂಥ ಕೆಲಸವೋ ನನಗಂತೂ ತಿಳಿಯದು. ಕೈ ಕೊಳೆಯಾಗುತ್ತದೆ ಎಂದು ಪಟ್ಟಿಯಿಂದಲೇ ಎಲ್ಲ ಮಾಡುತ್ತೇನೆ, ಮರಳು ಮುಟ್ಟುವುದಿಲ್ಲ.

ಬರಲೇಬೇಕು ಎಂದು ಹಟವಿಲ್ಲ ಅಂದಿದ್ದೀರಿ. ಸರಿ. ಬರಬೇಡ ಎಂದು ಬರೆಯಲು ನಿಮಗೆ ಕಷ್ಟವಾಗಿರಬೇಕು. ನನಗೆ ಅರ್ಥವಾಗಿದೆ.

ಇಂತಿ.


ಜುಲೈ 9

ತಮ್ಮಾ,

ಮೊದಲು ನಕ್ಕೆ. ಮಗಳನ್ನು ಕರೆದು, ಉಳಿದದ್ದನ್ನು ಮಡಚಿ ಹಿಡಿದು, ನಿನ್ನ ಮೊದಲ ಕಾಗದದ ಆ ಒಂದು ಪದ ಮಾತ್ರ ತೋರಿಸಿದೆ. ಅವಳು ಒಂದೇ ಸಲಕ್ಕೆ "ಮರಳಾಟ" ಎಂದು ಓದಿ ನನ್ನ ಮುಖ ನೋಡಿದಳು. ನನಗೆ ಕನ್ನಡಕ ಬೇಕಂತೆ, ಅಳಿಯನಿಗೆ ಮೊದಲ ಗಿರಾಕಿ ಅತ್ತೆಯೇ ಅಂತೆ. ಅವಳು ಹೋದ ಮೇಲೆ ನಗು ನಿಂತಿತು.

ನಿನ್ನ ಕೊನೆಯ ಸಾಲು ಓದಿ ಕಿವಿ ಸುಟ್ಟ ಹಾಗಾಯಿತು. ನಿನಗೆ ಅರ್ಥವಾಗಿರುವುದು ನಿಜ, ಆದರೆ ಪೂರ್ತಿ ಗೊತ್ತಿಲ್ಲ. ಹೇಳಿಬಿಡುತ್ತೇನೆ. ನಿನ್ನ ಮೊದಲ ಕಾಗದ ಬಂದ ವಾರವೇ ಬೀಗಿತ್ತಿ ಮನೆಗೆ ಬಂದಿದ್ದರು. "ಹುಡುಗಿ ಸೋದರಮಾವ ಎಲ್ಲಿ? ಇನ್ನೂ ನೋಡೇ ಇಲ್ವಲ್ಲ" ಅಂದರು. ನನ್ನ ಬಾಯಿಂದ ಮೊದಲು ಬಂದದ್ದು ಸುಳ್ಳು. "ಅವನು ಪರದೇಶಕ್ಕೆ ಹೋಗಿದಾನೆ, ದೊಡ್ಡ ಕಂಟ್ರಾಕ್ಟು, ರಜಾ ಸಿಗಲ್ಲ" ಅಂದೆ. ಎಷ್ಟು ಸಲೀಸಾಗಿ ಬಂತು ಅಂದರೆ, ಹೇಳಿ ಮುಗಿಸಿದ ಮೇಲೆ ನಾನೇ ನಿನಗೆ ಪಾಸ್‌ಪೋರ್ಟು ಮಾಡಿಸಿದಷ್ಟು ನೆಮ್ಮದಿಯಾಯಿತು. ಮನೆಯಲ್ಲೊಬ್ಬ ಮರುಳ ಎಂದು ತಿಳಿದರೆ ಈ ಸಂಬಂಧ ನಿಲ್ಲುತ್ತದೆಯೇ ಎಂದಷ್ಟೇ ಆಗ ತಲೆಯಲ್ಲಿದ್ದದ್ದು. ನೀನು ತಲೆಯಲ್ಲಿರಲಿಲ್ಲ. ಅದೇ ನನಗೆ ಈಗ ಚುಚ್ಚುತ್ತಿರುವುದು.

ಈಗ ಹೋಗಿ "ಕೊಂಬು ತಪ್ಪು ಓದಿದೆ, ನನ್ನ ತಮ್ಮ ಇಲ್ಲೇ ಇದಾನೆ" ಎಂದು ಹೇಳುವುದು ಹೇಗೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೀಗಿತ್ತಿ ಎಂಥವರು ಅಂದರೆ, ಹೋದ ಸಲ ನಾನು ಬಡಿಸಿದ ಸಾರಿಗೆ ಉಪ್ಪು ಎಷ್ಟು ಚಮಚ ಎಂದು ಕೇಳಿದ್ದರು. ಅವರ ಮುಂದೆ ಸುಳ್ಳುಗಾತಿ ಅನ್ನಿಸಿಕೊಳ್ಳುವುದಕ್ಕಿಂತ ನೀನು ಈ ಒಂದು ಸಲ ದೂರ ಇದ್ದರೆ ಎಲ್ಲ ಸುಸೂತ್ರ ಎಂದು ಇವತ್ತು ಬೆಳಿಗ್ಗೆಯವರೆಗೂ ಲೆಕ್ಕ ಹಾಕುತ್ತಿದ್ದೆ. ಥೂ, ನನ್ನ ಜನ್ಮಕ್ಕೆ.

ಕೇಳುವುದು ಇನ್ನೂ ಇದೆ. ಎರಡು ಕಾಗದ ಬರೆದೆ, ಒಂದರಲ್ಲೂ ಅಕ್ಕ ಎಂದು ಬರೆದಿಲ್ಲ. "ಮನೆಯವರೆಲ್ಲರಿಗೂ" ಅಂತೆ, "ನಮಸ್ಕಾರ" ಅಂತೆ. ಇರುವುದು ಎರಡು ಅಕ್ಷರ. ಅಷ್ಟಕ್ಕೂ ಕೈ ಬರುವುದಿಲ್ಲವೇ? ಏನು ಕೋಪ ನನ್ನ ಮೇಲೆ? ಇವಳ ಅಪ್ಪ ಹೋದ ಮೇಲೆ ನಿನ್ನ ಹತ್ತಿರ ಬಂದು ಇರು ಎಂದು ನೀನು ಕರೆದೆ, ನಾನು ಬರಲಿಲ್ಲ, ಅಂಗಡಿ ತೆರೆದೆ. ಅದನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದೀಯಾ? ಹಾಗಿದ್ದರೆ ಬೈದುಬಿಡು. ಬೈದರೆ ತಡೆದುಕೊಳ್ಳುತ್ತೇನೆ, ಈ ಮರ್ಯಾದೆ ಮಾತ್ರ ಬೇಡ.

ಮತ್ತೆ, ಕೈ ಕೊಳೆಯಾಗುತ್ತದೆ ಎಂದು ಮರಳು ಮುಟ್ಟದ ಮೇಸ್ತ್ರಿಯನ್ನು ನಾನು ಇದೇ ಮೊದಲು ಕೇಳಿದ್ದು. ಬೆನ್ನಿಗೆ ಪೆಟ್ಟಾದದ್ದು ಹೇಗೆ ಎಂದು ನೀನು ಇನ್ನೂ ಹೇಳಿಲ್ಲ.

ಅಕ್ಕ


ಜುಲೈ 28

ತಮ್ಮಾ,

ಉತ್ತರವಿಲ್ಲ. ಪೋಸ್ಟಿನವನು ದೂರದಲ್ಲಿ ಕಂಡರೆ ಈಗೀಗ ಅವನೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ.

ಮಗಳಿಗೂ ಪರದೇಶದ ಕಥೆಯನ್ನೇ ಹೇಳಿದ್ದೆ. ನಿನ್ನೆ ಮದುವೆಯ ಬ್ಲೌಸಿನ ತೋಳು ಅಳೆಯುವಾಗ ಅವಳು "ಅಮ್ಮಾ, ಮಾಮ ಏಣಿ ಹತ್ತೋನು, ವಿಮಾನ ಹತ್ತೋನಲ್ಲ. ನಿಜ ಹೇಳು" ಅಂದಳು. ನಾನು ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡಿದ್ದೆ. ಅದು ಇದ್ದದ್ದು ಒಳ್ಳೆಯದಾಯಿತು.

ಪರದೇಶದ ಮಾತು ಓದಿ ಮುನಿಸಿಕೊಂಡಿದ್ದೀಯ. ಸರಿಯಾದದ್ದೇ. ಆದರೂ ಬದುಕಿದ್ದೇನೆ ಎಂದು ಒಂದು ಸಾಲು ಬರೆ. ಕೆಟ್ಟ ಅಕ್ಷರದಲ್ಲೇ ಬರೆ, ನಾನು ನಿಧಾನವಾಗಿ ಓದುತ್ತೇನೆ.

ಅಕ್ಕ


ಆಗಸ್ಟ್ 6

ಮುನಿಸೇನೂ ಇಲ್ಲ. ಕೋಪವೂ ಇಲ್ಲ. ನೀನು ಅಂಗಡಿ ತೆರೆದದ್ದೇ ಸರಿ ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಈ ಕಾಗದ ಬರೆಯಲು ಇಷ್ಟು ದಿನ ಹಿಡಿಯಿತು. ಮಧ್ಯೆ ಮೂರು ಸಲ ಹರಿದು ಹಾಕಿದೆ.

ಮೊದಲು ಮರಳಿನ ಕೋಣೆಯ ವಿಷಯ ಹೇಳುತ್ತೇನೆ, ಉಳಿದದ್ದು ಅದರ ಹಿಂದೆ ಬರುತ್ತದೆ. ಐದನೇ ವಾರ ಹೋದಾಗ ಮರದ ಪಟ್ಟಿ ಅಲ್ಲಿರಲಿಲ್ಲ. ಬೇರೆ ಯಾರೋ ಆಡುವಾಗ ಮುರಿದಿತ್ತಂತೆ. ಕೈಯಲ್ಲಿ ಮಾಡಬೇಕಾಯಿತು. ಬೆರಳಿಟ್ಟೆ, ಮಣಿಕಟ್ಟಿನವರೆಗೆ ಮರಳು ಬಂತು. ಆಮೇಲೆ ನಾನು ಏನು ಮಾಡುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ಶೆಲ್ಫಿನಿಂದ ಹೆಲ್ಮೆಟ್ಟಿನ ಕೂಲಿಯವನನ್ನು ತೆಗೆದುಕೊಂಡೆ. ತೊಟ್ಟಿಯಲ್ಲಿ ನಿಲ್ಲಿಸಿದೆ. ಎದೆಯವರೆಗೆ ಮರಳು ಎಳೆದು ಹಾಕಿದೆ. ಕೈ ಎರಡೂ ಒಳಗೆ, ತಲೆ ಮಾತ್ರ ಹೊರಗೆ. ಅಷ್ಟು ಮಾಡಿ ಕುಳಿತೆ. ಅವನನ್ನು ಹೊರಗೆ ತೆಗೆಯಬೇಕು ಎಂದು ನನಗೆ ಗೊತ್ತು, ಕೈ ಮುಂದೆ ಹೋಗಲಿಲ್ಲ. ಮೇಡಂ ಹೊತ್ತಾದ ಮೇಲೆ "ಇದನ್ನ ಹೀಗೇ ಬಿಟ್ಟು ಹೋಗಬಹುದು. ನೀವು ಹೋದ ಮೇಲೇ ನಾನು ಮುಟ್ಟೋದು" ಅಂದರು. ಬಿಟ್ಟು ಬಂದೆ. ಬಸ್ಸಿನಲ್ಲಿ ಕುಳಿತು, ಅವನನ್ನು ಹಾಗೇ ಬಿಟ್ಟು ಬಂದೆನಲ್ಲ ಎಂದು ಅತ್ತೆ. ಬೆರಳುದ್ದದ ಪ್ಲಾಸ್ಟಿಕ್ ಬೊಂಬೆಗೆ. ಕಂಡಕ್ಟರು ಟಿಕೆಟ್ ಕೇಳಲಿಲ್ಲ.

ಮುಂದಿನ ವಾರ ಹೋದರೆ ಮರಳು ಖಾಲಿ, ಅವನು ಶೆಲ್ಫಿನಲ್ಲಿ ನಿಂತಿದ್ದಾನೆ. ನನಗೆ ಎಲ್ಲಿತ್ತೋ ಕೋಪ. ಎರಡು ತಿಂಗಳಲ್ಲಿ ಮೊದಲ ಸಲ ನನ್ನ ದನಿ ಜೋರಾಗಿ ಬಂತು.

"ಇವನನ್ನ ಯಾರು ತೆಗೆದ್ರು?"

"ನಾನು."

"ಹೇಗೆ ತೆಗೆದ್ರಿ? ತಲೆ ಹಿಡ್ಕೊಂಡು ಎಳೆದ್ರಾ, ಅಗೆದ್ರಾ?"

ಮೇಡಂ "ಅಗೆದೆ" ಅಂದರು. "ಬೆರಳಿಂದ. ಸುತ್ತಲೂ ಬಿಡಿಸ್ಕೊಂಡು, ನಿಧಾನಕ್ಕೆ."

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಆಮೇಲೆ ಮಾತು ಬಂತು. ಅವರಿಗೆ ಹೇಳಿದ್ದನ್ನೇ ನಿನಗೆ ಬರೆಯುತ್ತೇನೆ.

ಮೇ ತಿಂಗಳಲ್ಲಿ ಪಾಯದ ಗುಂಡಿಗೆ ಇಳಿದು ಮೂಲೆಯ ಮಟ್ಟ ನೋಡುತ್ತಿದ್ದೆ. ಮೇಲೆ ಅಂಚಿನಲ್ಲಿ ಲಾರಿ ಮರಳು ಸುರಿದಿತ್ತು. ರಾಶಿ ಜಾರಿತು. ನಾನು ತಲೆ ಎತ್ತುವುದರೊಳಗೆ ಎದೆಯವರೆಗೆ ಹೂತುಹೋಗಿದ್ದೆ. ನೋವೇನೂ ಇಲ್ಲ, ಬೆನ್ನಿಗೆ ಪೆಟ್ಟು ಎಂದು ನಾನು ಬರೆದದ್ದು ನೆಪ. ಆದರೆ ಉಸಿರು ಬಿಟ್ಟಾಗ ಎದೆ ತಗ್ಗುತ್ತದೆ ನೋಡು, ತಗ್ಗಿದ ಜಾಗಕ್ಕೆ ಮರಳು ಇಳಿದು ಕೂರುತ್ತದೆ. ಮತ್ತೆ ಎಳೆದುಕೊಳ್ಳಲು ಹೋದರೆ ಅಷ್ಟು ಜಾಗ ಇರುವುದಿಲ್ಲ. ಸಲಿಕೆ ಹಾಕಿದರೆ ನನಗೇ ತಾಗುತ್ತದೆ ಎಂದು ಹುಡುಗರೆಲ್ಲ ಕೈಯಿಂದ ಅಗೆದರು. ಅಷ್ಟು ಹೊತ್ತೂ ನಾನು ಕೂಗುತ್ತಿದ್ದೆ. ನನ್ನ ಗಂಟಲು ನಿನಗೆ ಗೊತ್ತಲ್ಲ, ಪಕ್ಕದ ಕಟ್ಟಡದವರೂ ಬಂದು ನಿಂತರು. ಉಚ್ಚೆ ಹೋಯಿತು. ತೆಗೆದು ಮಲಗಿಸಿದಾಗ ಎಲ್ಲರೂ ನೋಡಿದರು. ನಾಚಿಕೆಯಾದವರು ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನುತ್ತಾರೆ. ನನ್ನದು ತಿರುಗುಮುರುಗು. ಅದು ನುಂಗಿ ಉಗುಳಿದ ಮೇಲೆ ನನಗೆ ನಾಚಿಕೆ ಶುರುವಾದದ್ದು.

ಸಾಯುವಾಗ ಎಲ್ಲರೂ ಅಮ್ಮಾ ಅನ್ನುತ್ತಾರೆ, ದೇವರೇ ಅನ್ನುತ್ತಾರೆ. ನನಗೆ ಅಮ್ಮನ ಮುಖವೇ ನೆನಪಿಲ್ಲ. ನಾನು ಕೂಗಿದ್ದು "ಅಕ್ಕಾ" ಎಂದು. ಅದೊಂದೇ ಪದ, ಅಷ್ಟು ಹೊತ್ತೂ.

ಹದಿನೈದು ದಿನಕ್ಕೆ ಕೆಲಸಕ್ಕೆ ಹೋದೆ. "ಕಂಬಿ ಕಟ್ರೋ" ಎಂದು ಕೂಗಿದೆ. ಮೇಲೆ ಎಲ್ಲಿಂದಲೋ ಸಣ್ಣ ದನಿಯಲ್ಲಿ "ಅಕ್ಕಾ..." ಎಂದು ಬಂತು. ನಾಲ್ಕು ಕಡೆಯಿಂದ ನಗು. ಆಮೇಲೆ ನಾನು ಬಾಯಿ ತೆರೆದಾಗಲೆಲ್ಲ ಅದೇ. ಅಕ್ಕಯ್ಯ ಮೇಸ್ತ್ರಿ ಎಂದು ಹೆಸರಿಟ್ಟಿದ್ದಾರೆ. ಎಲ್ಲರಿಗಿಂತ ಚೆನ್ನಾಗಿ ಅಣಕಿಸುವವನು ಯಾರು ಗೊತ್ತೇ? ನನ್ನನ್ನು ಅಗೆಯುವಾಗ ಎರಡು ಉಗುರು ಕಿತ್ತುಕೊಂಡವನು. ಅವನ ಮೇಲೆ ಕೋಪ ಮಾಡಿಕೊಳ್ಳುವ ಹಾಗೂ ಇಲ್ಲ. ನಾನೇ ಕೇಳಿಕೊಂಡು ಸ್ಟೋರಿಗೆ ಹೋದೆ. ಮೆಲ್ಲಗೆ ಒಂದೆರಡು ಮಾತು ಬಿಟ್ಟರೆ ಮಾತೇ ನಿಂತುಹೋಯಿತು. ಏನಾಯಿತು ಎಂದು ಡಾಕ್ಟರು ಕೇಳಿದರೆ ಬಾಯಿಂದ ಗಾಳಿ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಅದಕ್ಕೇ ಬಾಯಿ ಬೇಡದ ಚಿಕಿತ್ಸೆಗೆ ಕಳಿಸಿದ್ದು. ನನ್ನನ್ನು ಹೂತದ್ದೂ ಮರಳೇ ಎಂದು ಅವರ ಚೀಟಿಯಲ್ಲಿ ಇರಲಿಲ್ಲ. ಗೊತ್ತಾದ ಮೇಲೆ ಮೇಡಂ ಮುಖವೇ ಬಾಡಿತು. "ನಾನು ಮೊದಲೇ ವಿಚಾರಿಸ್ಬೇಕಿತ್ತು. ಬೇಡ ಅಂದ್ರೆ ಇಲ್ಲಿಗೇ ನಿಲ್ಸೋಣ" ಅಂದರು. ನಾನೇ ನಿಲ್ಲಿಸುವುದು ಬೇಡ, ಇದೇ ಇರಲಿ ಅಂದೆ. ಹೋದ ವಾರ ನಾನೇ ಆ ಕೂಲಿಯವನನ್ನು ಹೂತು, ನಾನೇ ಅಗೆದು ತೆಗೆದೆ. ಬೆರಳಿಂದ. ತಳದ ನೀಲಿ ಕಂಡಿತು, ಮುಚ್ಚಲಿಲ್ಲ.

ನಿನಗೆ ತಾವು, ನೀವು ಎಂದು ಬರೆದದ್ದು ಇದಕ್ಕೇ. ಆ ಎರಡಕ್ಷರ ಬರೆಯಲು ಹೋದರೆ ಅವರೆಲ್ಲ ನಗುವುದು ಕೇಳುತ್ತದೆ. ಮೇಲೆ ಬರೆದಿದ್ದೇನೆ ನಿಜ, ಅದು ಕೂಗಿದ್ದು. ನಿನ್ನನ್ನು ಕರೆಯುವ ಹಾಗೆ ಬರೆಯಲು ಇನ್ನೂ ಆಗುತ್ತಿಲ್ಲ. ಈ ಕಾಗದದ ಮೇಲ್ತುದಿಯಲ್ಲೂ ನೋಡು, ಖಾಲಿ ಬಿಟ್ಟಿದ್ದೇನೆ.

ಮದುವೆಗೆ ನಾನು ಬರುವುದಿಲ್ಲ. ನಮ್ಮ ಊರಿನ ಹುಡುಗರು ಇಬ್ಬರು ಇಲ್ಲಿ ಕೆಲಸಕ್ಕಿದ್ದಾರೆ. ಅವರ ಮನೆಯವರನ್ನು ನೀನು ಕರೆದೇ ಇರುತ್ತೀಯ. ನಾನು ಮಗುವಿನ ಕೈ ಹಿಡಿದು ಹಾಲ್ ಒಳಗೆ ಕಾಲಿಡುವಾಗ ಹಿಂದಿನ ಸಾಲಿನಿಂದ ಒಬ್ಬ "ಅಕ್ಕಾ" ಅಂದರೆ ಸಾಕು. ನನಗೆ ಏನಾದರೂ ಆಗಲಿ, ಅವಳ ದಿನ ಹಾಳಾಗುತ್ತದೆ. ನೀನು ನನ್ನನ್ನು ಪರದೇಶಕ್ಕೆ ಕಳಿಸಿದ್ದು ಒಳ್ಳೆಯದೇ ಆಯಿತು. ಅಲ್ಲೇ ಇರಲಿ ಬಿಡು.


ಆಗಸ್ಟ್ 12

ತಮ್ಮಾ,

ನಿನ್ನ ಕಾಗದ ನಿಂತುಕೊಂಡೇ ಓದಿದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ನೇರ ಬೀಗಿತ್ತಿಯ ಮನೆಗೆ ಹೋದೆ. ಟೇಪು ಕತ್ತಿನಲ್ಲೇ ಇತ್ತು, ಅವರ ಬಾಗಿಲು ತೆರೆದ ಮೇಲೆ ನೋಡಿಕೊಂಡದ್ದು.

ಕೂರಿ ಅನ್ನುವ ಮೊದಲೇ ಹೇಳಿದೆ. "ನನ್ನ ತಮ್ಮ ಪರದೇಶದಲ್ಲಿಲ್ಲ. ಮರಳಿನ ರಾಶೀಲಿ ಹೂತುಹೋಗಿದ್ದ. ಹೆದರಿ ಅವನಿಗೆ ಮಾತು ನಿಂತುಹೋಗಿದೆ, ಚಿಕಿತ್ಸೆ ನಡೀತಿದೆ. ನಾನು ಮಾನಕ್ಕೆ ಅಂಜಿ ನಿಮಗೆ ಸುಳ್ಳು ಹೇಳ್ದೆ." ಅವರು "ಇನ್ನೂ ಏನೇನು ಮುಚ್ಚಿಟ್ಟಿದೀರಿ?" ಅಂದರು. ಸುಳ್ಳು ಹೇಳಿದವಳು ಇನ್ನೇನೂ ಇಲ್ಲ ಅಂದರೆ ಯಾರು ನಂಬುತ್ತಾರೆ? "ಮನೇಲಿ ಮಾತಾಡಿ ತಿಳಿಸ್ತೀವಿ" ಎಂದು ಒಳಗೆ ಹೋದರು. ಇವತ್ತಿಗೆ ಮೂರು ದಿನ, ಇನ್ನೂ ತಿಳಿಸಿಲ್ಲ. ಹುಡುಗ ಫೋನ್ ಮಾಡುತ್ತಾನೆ, ಅವನ ತಾಯಿ ಮಾಡಿಲ್ಲ. ಮದುವೆ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮಗಳಿಗೆ ಎಲ್ಲ ಹೇಳಿದೆ. ಅವಳು ಅತ್ತಳು, ನನಗೆ ಬೈದಳು, ಆಮೇಲೆ "ಮಾಮನ್ನ ಬಚ್ಚಿಟ್ಟು ಮದುವೆ ಆಗೋಕೆ ನಾನೇನು ಕದ್ದ ಮಾಲಾ?" ಅಂದಳು. ಅವಳ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ.

ಅದಕ್ಕಿಂತ ದೊಡ್ಡ ನಾಚಿಕೆ ಬೇರೆ ಇದೆ. ಚಿಕ್ಕಂದಿನಲ್ಲಿ ನೀನು ಕರೆದರೆ ನಾನು ಎಲ್ಲಿದ್ದರೂ ಓ ಅನ್ನುತ್ತಿದ್ದೆ. ಬಚ್ಚಲಲ್ಲಿದ್ದರೂ ಓ, ನಿದ್ದೆಯಲ್ಲಿದ್ದರೂ ಓ. ಓ ಅನ್ನದಿದ್ದರೆ ನೀನು ನಿಲ್ಲಿಸುತ್ತಲೇ ಇರಲಿಲ್ಲ. ಆ ದಿನ ಅಷ್ಟು ಹೊತ್ತು ಕೂಗಿದ್ದೀಯ. ನಾನಿಲ್ಲಿ ಯಾರ ಜೊತೆಯೋ ಅಂಗಿಯ ಗುಂಡಿಯ ಬಣ್ಣಕ್ಕೆ ಜಗಳ ಆಡುತ್ತಿದ್ದಿರಬೇಕು. ನನಗೆ ಕೇಳಿಸಲಿಲ್ಲ. ಆಮೇಲೆ ನೀನು ಕಾಗದ ಬರೆದೆ, ಅದೂ ನನಗೆ ಸರಿಯಾಗಿ ಕೇಳಿಸಲಿಲ್ಲ. ಬರಬೇಡ ಎಂದು ಬರೆದೆ. ಸಾಯುವಾಗ ನನ್ನನ್ನು ಕರೆದವನಿಗೆ ನಾನು ಹೇಳಿದ್ದು ಅದು.

ಮದುವೆಗೆ ಬಾ ಎಂದು ನಾನು ಈಗ ಬರೆಯುವುದಿಲ್ಲ. ಕರೆಯುವ ಮುಖ ನನಗಿಲ್ಲ. ನಾನೇ ಬರುತ್ತಿದ್ದೇನೆ. ಮಗಳೂ ಬರುತ್ತಾಳೆ. ಶನಿವಾರ ಬೆಳಿಗ್ಗೆ ಬಸ್ಸಿಳಿದು ನಿನ್ನ ರೂಮಿಗೆ ಬರುವುದಿಲ್ಲ, ಸೈಟಿಗೇ ಬರುತ್ತೇವೆ. ಸ್ಟೋರಿನ ಬಾಗಿಲು ಹಾಕಿ ಹೊರಗೆ ಬಾ. ನೀನು ಏನೂ ಹೇಳಬೇಡ, ಯಾರಿಗೂ ಏನೂ ಕೂಗಬೇಡ. ನನ್ನ ಪಕ್ಕ ನಿಂತರೆ ಸಾಕು. ಆ ಉಗುರು ಕಿತ್ತುಕೊಂಡ ಹುಡುಗನ ಕೈ ನಾನು ಮೊದಲು ನೋಡಬೇಕು, ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಳ್ಳಬೇಕು.

ಆಮೇಲೆ ಅವನೇ ಕೂಗಲಿ, ಮೇಲಿನ ಮಾಳಿಗೆಯಿಂದ ಯಾರು ಬೇಕಾದರೂ ಕೂಗಲಿ. ಎಷ್ಟು ಸಲ "ಅಕ್ಕಾ" ಅಂದರೂ ಕೆಳಗೆ ನಿಂತು ನಾನು ಅಷ್ಟೂ ಸಲ ಓ ಅನ್ನುತ್ತೇನೆ.